ನಲ್ಲಿ ನಿಲ್ಲಿಸಿ, ಸರಿ. ಆಮೇಲೆ?

ಮಾರ್ಚ್ 22, ವಿಶ್ವ ಜಲ ದಿನ ಬಂತೆಂದರೆ ಶಾಲೆಗಳಲ್ಲಿ ‘ಸಿಹಿನೀರಿನ ಸಂರಕ್ಷಣೆ’ ಪ್ರಬಂಧ ಸ್ಪರ್ಧೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಅಂತ ಬರೆದವರಿಗೆ ಬಹುಮಾನ. (ನಾನೂ ಒಂದು ಸ್ಟೀಲ್ ಲೋಟ ಗೆದ್ದಿದ್ದೆ.) ಆದರೆ ದೇಶ ಬಳಸುವ ಸಿಹಿನೀರಲ್ಲಿ ಶೇ 80ಕ್ಕೂ ಹೆಚ್ಚು ಹೋಗೋದು ಕೃಷಿಗೆ. ಕಬ್ಬಿನ ದರ ದೆಹಲಿಯಲ್ಲಿ, ಪಂಪ್‌ಸೆಟ್‌ನ ಉಚಿತ ಕರೆಂಟು ವಿಧಾನಸೌಧದಲ್ಲಿ ತೀರ್ಮಾನವಾಗುತ್ತೆ. ಏಳನೇ ಕ್ಲಾಸಿನ ಹುಡುಗಿ ಏನು ಮಾಡ್ಬೇಕು?

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತು. ಆಗಲೇ ಕಾವೇರಿ ಪೈಪು ತಲುಪದ ಬಡಾವಣೆಗಳು ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾಯ್ತಿದ್ದವು. ಅಲ್ಲಿನ ಮಕ್ಕಳಿಗೆ ‘ನೀರು ಉಳಿಸಿ’ ಅಂತ ಹೇಳೋದು ಯಾವ ನ್ಯಾಯ?

ಈ ಸಲ ವಿಷಯ ಬದಲಿಸಿ: ‘ನಮ್ಮ ಶಾಲೆಯ ನೀರು ಎಲ್ಲಿಂದ ಬರುತ್ತೆ, ದಾರೀಲಿ ಎಷ್ಟು ಸೋರುತ್ತೆ, ಬಳಸಿದ ಮೇಲೆ ಯಾವ ಕೆರೆ ಸೇರುತ್ತೆ?’ ಉತ್ತರಕ್ಕಾಗಿ ಮಕ್ಕಳು ವಾಲ್ವ್‌ಮನ್‌ನ ಮಾತಾಡಿಸಲಿ, ಜಲಮಂಡಳಿ ಕಚೇರಿಗೂ ಹೋಗಿ ಕೇಳಲಿ.