ಹಣ್ಣು ಹಂಚಿದರೆ ಸೇವೆಯಾಯಿತೆ?

ಗುರುಗಳ ಜನ್ಮದಿನ ಬಂದಿತೆಂದರೆ ಆಸ್ಪತ್ರೆಗಳಲ್ಲಿ ಹಣ್ಣು ಹಂಚುವುದು ನಮ್ಮ ಭಕ್ತವರ್ಗದಲ್ಲಿ ಒಂದು ವಿಧಿಯೇ ಆಗಿಬಿಟ್ಟಿದೆ. ಹಲಸೂರಿನ ಭಕ್ತರು ನಮ್ಮನ್ನೂ ಹೀಗೆಯೇ ಒಂದು ಆಸ್ಪತ್ರೆಗೆ ಕರೆದೊಯ್ದಿದ್ದರು. ಬಾಯಿಗೆ ಏನನ್ನೂ ಕೊಡಬಾರದೆಂದು ವೈದ್ಯರು ವಿಧಿಸಿದ್ದ ರೋಗಿಯ ಕೈಗೂ ಸೇಬು ಬಂದಿತು, ಛಾಯಾಚಿತ್ರವೂ ಆಯಿತು. ಅವನ ಪತ್ನಿ ಔಷಧದ ಚೀಟಿ ಹಿಡಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಾಗಿಲಲ್ಲಿ ನಿಂತಿದ್ದಳು. ಆಕೆಯನ್ನು ಯಾರೂ ಮಾತನಾಡಿಸಲಿಲ್ಲ, ನಾವೂ ಮಾತನಾಡಿಸಲಿಲ್ಲ. ಆ ಲಜ್ಜೆಯಿಂದಲೇ ಈ ಮಾತುಗಳು ಹುಟ್ಟಿವೆ.

ಶಿವಾಜಿನಗರದ ಬೌರಿಂಗ್ ಆಸ್ಪತ್ರೆ 1868ರಷ್ಟು ಹಳೆಯದು. ದಂಡು ಪ್ರದೇಶದ ಬಡವರಿಗೆ ತಲೆಮಾರುಗಳಿಂದ ಆಸರೆ. ಇಂಥ ಆಸ್ಪತ್ರೆಗಳಿಗೆ ತಮಿಳು, ಉರ್ದು, ತೆಲುಗು, ಕನ್ನಡ ಮಾತನಾಡುವ ಕುಟುಂಬಗಳೆಲ್ಲ ಬರುತ್ತವೆ. ರೋಗಿಗೆ ಮಂಚ ದೊರೆಯುತ್ತದೆ. ಜೊತೆಗೆ ಬಂದವರಿಗೆ ದೊರೆಯುವುದು ಮೊಗಸಾಲೆಯ ನೆಲ, ಸರತಿಯ ಸಾಲು, ಕಾಯುವ ರಾತ್ರಿ.

"ಇದು ಸರ್ಕಾರದ ಕೆಲಸ" ಎನ್ನುವವರಿದ್ದಾರೆ. ವೈದ್ಯ, ಔಷಧ, ಮಂಚ ಸರ್ಕಾರದ ಹೊಣೆಯೇ ಸರಿ. ಅವುಗಳನ್ನು ಕೇಳಿಯೇ ಪಡೆಯಬೇಕು. ಆದರೆ ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ನಡುಗುತ್ತ ಕುಳಿತ ತಾಯಿಯ ಪಕ್ಕದಲ್ಲಿ ಕುಳ್ಳಿರಲು ಯಾವ ಸರ್ಕಾರ ಆಜ್ಞೆ ಹೊರಡಿಸೀತು? "ನಾವು ವೈದ್ಯರಲ್ಲ" ಎಂಬುದು ಇನ್ನೊಂದು ನೆಪ. ಚೀಟಿ ಓದಿ ದಾರಿ ತೋರಲು, ಬಿಸಿನೀರು ತರಲು, ಊರಿಗೆ ಫೋನು ಮಾಡಿಕೊಡಲು, ಹೆಂಡತಿ ಎರಡು ತುತ್ತು ಉಂಡು ಬರುವವರೆಗೆ ಗಂಡನ ಬಳಿ ಇರಲು ವೈದ್ಯಶಾಸ್ತ್ರ ಬೇಕೆ?

ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಸಂಸ್ಥೆಯೂ ಕೂಡಿ 1994ರಲ್ಲಿ ಒಂದು ಟ್ರಸ್ಟನ್ನು ಸ್ಥಾಪಿಸಿದವು. ಅದರ ಫಲವೇ ಮಾರತಹಳ್ಳಿಯ ಆಚೆಗಿರುವ ಕರುಣಾಶ್ರಯ. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಚಿಕಿತ್ಸೆ ಮುಗಿದಲ್ಲಿಯೂ ಸೇವೆ ಮುಗಿಯುವುದಿಲ್ಲವೆಂಬುದನ್ನು ಗೃಹಸ್ಥರೇ ಮಾಡಿ ತೋರಿಸಿದರು. ದಾಸೋಹವೆಂಬ ಶಬ್ದ ನಮ್ಮಲ್ಲಿ ಉಳಿಯಿತು. ಕೆಲಸ ಅವರಲ್ಲಿ ನಡೆಯಿತು!

ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ. ದಾಸೋಹದಲ್ಲಿ ಅವನೇ ದಾಸ. ಹನ್ನೆರಡನೆಯ ಶತಮಾನದ ಶರಣರು ಕಲಿಸಿದ ಈ ಭೇದವನ್ನು ನಾವು ಅಡುಗೆಮನೆಯ ಕೊಪ್ಪರಿಗೆಯಲ್ಲಿ ಮುಳುಗಿಸಿದ್ದೇವೆ.

ಆದುದರಿಂದ ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ: ನಮ್ಮ ಹೆಸರಿನಲ್ಲಿ ಇನ್ನು ಹಣ್ಣು ಹಂಚಬೇಡಿ. ವಾರಕ್ಕೆ ಎರಡು ಗಂಟೆ ಕೊಡಿ. ಆಸ್ಪತ್ರೆಯ ಅಧಿಕಾರಿಗಳ ಅನುಮತಿ ಪಡೆದು, ಕೈತೊಳೆದು ಒಳಗೆ ಹೋಗಿ. ದಾದಿಯರನ್ನು ಕೇಳದೆ ಏನನ್ನೂ ತಿನ್ನಿಸಬೇಡಿ. ಜಾತಿ ಕೇಳಬೇಡಿ, ಉಪದೇಶ ಮಾಡಬೇಡಿ, ಛಾಯಾಚಿತ್ರ ತೆಗೆಸಬೇಡಿ. ಬಾಗಿಲಲ್ಲಿ ಚೀಟಿ ಹಿಡಿದು ನಿಂತವಳನ್ನು ಮೊದಲು ಮಾತನಾಡಿಸಿ. ನಮಗೆ ಸಲ್ಲಬೇಕಾದ ಪಾದಪೂಜೆ ಅಲ್ಲಿಯೇ ಸಲ್ಲುತ್ತದೆ.