ಕೆಟ್ಟವನು ಯಾರು, ಮಾಮ?

ದಸರೆಗೆ ಬಂದ ನೆಂಟರಿಗೆ ಅರಮನೆ, ಮೃಗಾಲಯಗಳ ಜೊತೆ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚನ್ನೂ ತೋರಿಸುವುದು ಮೈಸೂರಿನವರ ರೂಢಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಈ ಚರ್ಚಿನ ಜೋಡಿ ಗೋಪುರಗಳು 175 ಅಡಿ ಎತ್ತರ. ಕತ್ತೆತ್ತಿ ಅವನ್ನು ನೋಡಿದಷ್ಟು ಹೊತ್ತು ನಾವು ಒಳಗಿನ ಬಣ್ಣದ ಗಾಜಿನ ಕಿಟಕಿಗಳ ಮುಂದೆ ನಿಲ್ಲುವುದಿಲ್ಲ. ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆ, ಪುನರುತ್ಥಾನ ಎಲ್ಲವೂ ಅಲ್ಲಿ ಬೆಳಕಿನಲ್ಲೇ ಮೂಡಿವೆ.

ಮೊನ್ನೆ ಏಳನೇ ತರಗತಿಯ ನನ್ನ ಸೋದರಳಿಯನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಕಡೆಯ ಭೋಜನದ ಕತೆ ಹೇಳಿದೆ. ಮೂವತ್ತು ಬೆಳ್ಳಿ ನಾಣ್ಯಕ್ಕಾಗಿ ಗುರುವನ್ನೇ ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನೂ ಆ ಪಂಕ್ತಿಯಲ್ಲೇ ಕೂತಿದ್ದ ಎಂದೆ. ಹುಡುಗ ತಕ್ಷಣ ಕೇಳಿದ: ‘ಹಾಗಾದ್ರೆ ಇವರಲ್ಲಿ ಕೆಟ್ಟವನು ಯಾರು, ಮಾಮ?’

ಚಾಮುಂಡಿ ಬೆಟ್ಟದಲ್ಲಿ ಅವನಿಗೆ ಈ ಕಷ್ಟವಿಲ್ಲ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರನನ್ನು ಯಾರೂ ತೋರಿಸಿಕೊಡಬೇಕಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದರೆ ರಾಕ್ಷಸನೆಂದು ಕೂಸಿಗೂ ಗೊತ್ತು. ಕ್ರೈಸ್ತ ಚಿತ್ರಕಲೆಯಲ್ಲೂ ಇಂಥ ಗುರುತುಗಳಿವೆ. ತಲೆಯ ಹಿಂದೆ ಪ್ರಭಾವಳಿ ಇದ್ದರೆ ಸಂತ. ಕುರಿಮರಿ ಯೇಸುವಿನ ಸಂಕೇತ. ಹಾವು, ಘಟಸರ್ಪ ಎಂದರೆ ಸೈತಾನ. ಓದು ಬಾರದ ಭಕ್ತರಿಗೆ ಚರ್ಚಿನ ಗೋಡೆಯೇ ಪುಸ್ತಕವಾಗಿದ್ದ ಕಾಲದಲ್ಲಿ ಈ ಗುರುತುಗಳು ಬೇಕೇ ಬೇಕಿದ್ದವು.

ತೊಡಕು ಶುರುವಾಗುವುದು ಕೆಟ್ಟವನು ರಾಕ್ಷಸನಲ್ಲ, ಮನುಷ್ಯ ಎಂದಾಗ. ಇಟಲಿಯ ಪಡುವಾದಲ್ಲಿ ಸುಮಾರು 1305ರಲ್ಲಿ ಜಿಯೊತ್ತೊ ಎಂಬ ಕಲಾವಿದ ಯೂದನಿಗೆ ಹಳದಿ ನಿಲುವಂಗಿ ತೊಡಿಸಿದ. 1447ರಲ್ಲಿ ಫ್ಲಾರೆನ್ಸಿನ ಕಸ್ತಾನ್ಯೊ ಎಲ್ಲರನ್ನೂ ಮೇಜಿನ ಆಚೆ ಕೂರಿಸಿ, ಯೂದನೊಬ್ಬನನ್ನೇ ಈಚೆ ಕೂರಿಸಿದ. ನೋಡುವವರಿಗೆ ಸುಲಭವಾಯಿತು. ಆದರೆ ಈ ಸುಲಭಕ್ಕೆ ಬೆಲೆ ತೆರಬೇಕಾಯಿತು. ಯೇಸುವೂ ಅವನ ಹನ್ನೆರಡು ಶಿಷ್ಯರೂ ಯೆಹೂದ್ಯರೇ. ಆದರೂ ಯೂದನೊಬ್ಬನ ಪಾಪವನ್ನು ಇಡೀ ಯೆಹೂದ್ಯ ಜನಾಂಗದ ತಲೆಗೆ ಕಟ್ಟಿದವರು ಯುರೋಪಿನಲ್ಲಿ ಬಹಳ ಮಂದಿ. ಹಲವು ಕಡೆ ಯೆಹೂದ್ಯರು ಹಳದಿ ಗುರುತು ಧರಿಸಬೇಕೆಂಬ ಕಟ್ಟಳೆ ಬಂತು. 1941ರಲ್ಲಿ ಹಿಟ್ಲರನ ಜರ್ಮನಿ ಅವರ ಎದೆಗೆ ಹೊಲಿಸಿದ ನಕ್ಷತ್ರವೂ ಹಳದಿಯೇ. ಕೆಟ್ಟದ್ದಕ್ಕೆ ಒಂದು ಬಣ್ಣ, ಒಂದು ಮುಖ ಗೊತ್ತುಮಾಡುವುದು ಎಲ್ಲಿಗೆ ಒಯ್ಯಬಲ್ಲದು ನೋಡಿ.

ಲಿಯೊನಾರ್ಡೊ ಡ ವಿಂಚಿ ಬೇರೆ ದಾರಿ ಹಿಡಿದ. ಮಿಲಾನ್ ನಗರದ ಮಠವೊಂದರ ಊಟದ ಮನೆಯ ಗೋಡೆಯ ಮೇಲೆ ಸುಮಾರು 1495ರಿಂದ 1498ರವರೆಗೆ ಅವನು ಬರೆದ ಚಿತ್ರದಲ್ಲಿ ಯಾರಿಗೂ ಪ್ರಭಾವಳಿಯಿಲ್ಲ. ಯೇಸುವಿನ ತಲೆಯ ಹಿಂದೆ ಕಿಟಕಿಯ ಬೆಳಕಿದೆ, ಅಷ್ಟೇ. ಯೂದ ಉಳಿದವರ ನಡುವೆಯೇ ಕೂತಿದ್ದಾನೆ. ಮುಖ ಕೊಂಚ ನೆರಳಿನಲ್ಲಿದೆ, ಕೈಯಲ್ಲಿ ಹಣದ ಚೀಲವಿದೆ. ಹುಡುಕಿದರೆ ಮಾತ್ರ ಸಿಗುತ್ತಾನೆ. ಒಬ್ಬನೇ ಮನುಷ್ಯ ಮೊದಲು ಯೇಸುವಿಗೆ, ವರ್ಷಗಳ ಮೇಲೆ ಕೆಟ್ಟುಹೋಗಿ ಯೂದನಿಗೆ ರೂಪದರ್ಶಿಯಾದ ಎಂಬ ಕತೆಯನ್ನು ನೀವು ಭಾಷಣಗಳಲ್ಲಿ ಕೇಳಿರಬಹುದು. ಅದಕ್ಕೆ ಆಧಾರವಿಲ್ಲ. ವಸಾರಿ ಎಂಬ ಹಳೆಯ ಚರಿತ್ರೆಕಾರ ಹೇಳುವ ಪ್ರಸಂಗವೇ ಬೇರೆ. ಚಿತ್ರ ತಡವಾಯಿತೆಂದು ಮಠಾಧಿಪತಿ ದೂರಿದಾಗ, ಯೂದನಿಗೆ ತಕ್ಕ ಮುಖ ಇನ್ನೂ ಸಿಕ್ಕಿಲ್ಲ, ಸಿಗದಿದ್ದರೆ ಇವರ ಮುಖವಂತೂ ಇದ್ದೇ ಇದೆ ಎಂದನಂತೆ ಲಿಯೊನಾರ್ಡೊ!

ಒಳ್ಳೆಯತನವನ್ನು ಬರೆಯುವುದು ಹೇಗೆ? ಅದಕ್ಕೆ ಇಟಲಿಗೆ ಹೋಗಬೇಕಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ ಹೋದರೆ ಸಾಕು. ಅಂತೋನಿಯೊ ಮೊಸ್ಕೆನಿ ಎಂಬ ಇಟಲಿಯ ಜೆಸ್ವಿಟ್ ಸೋದರ 1899ರಿಂದ 1901ರೊಳಗೆ ಅದರ ಗೋಡೆ, ಚಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ಚಾವಣಿಯಲ್ಲಿ ಅಲೋಶಿಯಸನ ಜೀವನವಿದೆ. ಶ್ರೀಮಂತ ಮನೆತನದ ಹುಡುಗ ತನ್ನ ಹಕ್ಕನ್ನು ಬಿಟ್ಟುಕೊಟ್ಟ. ರೋಮ್ ನಗರದಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆ ಮಾಡುತ್ತ ಸೋಂಕು ತಗುಲಿ 1591ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ ತೀರಿಕೊಂಡ. ಸಂತನೆಂದು ತಿಳಿಯಲು ಪ್ರಭಾವಳಿಯೊಂದನ್ನೇ ನೋಡಬೇಕಿಲ್ಲ, ಕೈ ಏನು ಮಾಡುತ್ತಿದೆ ಎಂಬುದನ್ನೂ ನೋಡಬೇಕು.

ಇದನ್ನೆಲ್ಲ ಹೇಳುತ್ತಿದ್ದಂತೆ ಹುಡುಗ ಸುಮ್ಮನಾದ. ಹೊರಗೆ ಬಂದ ಮೇಲೆ ಬಾಯಿಬಿಟ್ಟ. ತರಗತಿಯಲ್ಲಿ ಪ್ರವಾಸಕ್ಕೆಂದು ಕೂಡಿಸಿದ ಹಣ ಕಾಣೆಯಾಗಿತ್ತಂತೆ. ಎಲ್ಲರೂ ಹಿಂದಿನ ಬೆಂಚಿನ, ಹರಿದ ಚಪ್ಪಲಿಯ ಹುಡುಗನತ್ತ ಬೊಟ್ಟುಮಾಡಿದರು. ಇವನೂ ಮಾಡಿದ. ಮರುದಿನ ಹಣ ಮೇಷ್ಟ್ರ ಮೇಜಿನ ಖಾನೆಯಲ್ಲೇ ಸಿಕ್ಕಿತು. ಆದರೆ ಆ ಹುಡುಗ ಈಗ ಯಾರ ಜೊತೆಗೂ ಮಾತಾಡುವುದಿಲ್ಲವಂತೆ.

‘ನೀನು ಹೋಗಿ ಮಾತಾಡಿಸಿದೆಯೇನೋ?’ ಎಂದೆ. ತಲೆ ತಗ್ಗಿಸಿದ.

ನಿಮ್ಮಲ್ಲಿ ಒಬ್ಬ ನನಗೆ ದ್ರೋಹ ಮಾಡುತ್ತಾನೆ ಎಂದು ಯೇಸು ಹೇಳಿದಾಗ ಶಿಷ್ಯರು ಪಕ್ಕದವನತ್ತ ಬೆರಳು ತೋರಿಸಲಿಲ್ಲ. ಅದು ತಾನೇ ಇರಬಹುದೇ ಎಂದು ಒಬ್ಬೊಬ್ಬರೂ ಕೇಳಿದರು ಎನ್ನುತ್ತದೆ ಮತ್ತಾಯನ ಸುವಾರ್ತೆ. ತಂದೆತಾಯಂದಿರೇ, ರಜೆಯಲ್ಲಿ ಮಕ್ಕಳನ್ನು ಆ ಕಿಟಕಿಯ ಮುಂದೆ ನಿಲ್ಲಿಸಿ. ಕೆಟ್ಟವನು ಯಾರೆಂದು ಅವರು ಕೇಳಿದರೆ ಬೆರಳು ತೋರಿಸುವ ಆತುರ ಬೇಡ. ಶಿಷ್ಯರು ಏನು ಕೇಳಿದರು ಎಂಬುದನ್ನು ಮೊದಲು ಹೇಳಿ.

ನನ್ನ ಸೋದರಳಿಯ ಸೋಮವಾರ ಹಿಂದಿನ ಬೆಂಚಿಗೆ ಹೋಗಿ ಕೂತನಂತೆ. ಅಕ್ಕ ಫೋನ್ ಮಾಡಿ ಹೇಳಿದಳು.