ಕೊಡುವ ಹಣವೂ ಕೈಗೆ ಬರುವ ಕಾಲವೂ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆಯ ಗೃಹಸ್ಥರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಅವರ ಮಗಳು ಸಾರ್ವಜನಿಕ ಆರೋಗ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವಳು. ಕೊಳವೆ ಬಾವಿಯ ನೀರಿನಲ್ಲಿರುವ ಫ್ಲೋರೈಡಿನಿಂದ ಮಕ್ಕಳ ಹಲ್ಲುಗಳಿಗೆ ಒದಗುವ ಹಾನಿಯನ್ನು ಕುರಿತು ಆಕೆ ಬರೆದ ಪ್ರಬಂಧವನ್ನು ಹೊರದೇಶದ ಸಮ್ಮೇಳನವೊಂದು ಅಂಗೀಕರಿಸಿ, ಪ್ರಯಾಣಕ್ಕೆ ಸಹಾಯಧನವನ್ನೂ ಮಂಜೂರು ಮಾಡಿದ್ದಿತು. ಮನೆಯಲ್ಲಿ ಹಬ್ಬವಾಯಿತು. ಪತ್ರದ ಎರಡನೆಯ ಪುಟವನ್ನು ಓದಿದೊಡನೆ ಹಬ್ಬ ಮುಗಿಯಿತು. ವಿಮಾನದ ಟಿಕೆಟ್ಟು, ವೀಸಾ, ವಸತಿ ಇವುಗಳಿಗೆಲ್ಲ ಮೊದಲು ವಿದ್ಯಾರ್ಥಿಯೇ ಹಣ ತೆರತಕ್ಕದ್ದು. ಹಿಂದಿರುಗಿ ಬಂದು ರಸೀತಿಗಳನ್ನು ಒಪ್ಪಿಸಿದ ತರುವಾಯ ಅದು ಸಂದಾಯವಾಗುವುದು ಎಂದು ಅಲ್ಲಿ ಬರೆದಿದ್ದಿತು. ಅಡಿಕೆಯ ಕೊಯ್ಲಿಗೆ ಇನ್ನೂ ಕಾಲವಿದ್ದಿತು. ಸಾಲ ಹುಟ್ಟುವುದರೊಳಗೆ ಗಡುವು ಕಳೆಯಿತು, ಹುಡುಗಿ ಹೋಗಲಿಲ್ಲ. “ಸ್ವಾಮಿ, ಕೈಯಲ್ಲಿ ಹಣವಿದ್ದವರಿಗೆ ಮಾತ್ರ ಒದಗುವುದನ್ನು ಸಹಾಯವೆನ್ನಬಹುದೇ?” ಎಂದು ಅವರು ಕೇಳಿದರು. ಆ ಪ್ರಶ್ನೆಯೇ ಈ ತಿಂಗಳ ನಮ್ಮ ಲೇಖನಕ್ಕೆ ಕಾರಣ.

ಇಂತಹ ಸಹಾಯವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ೧೯೧೩ರಲ್ಲಿ ಸ್ಥಾಪಿತವಾದ ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನವು ಅನೇಕ ದೇಶಗಳ ವೈದ್ಯರಿಗೆ ವೇತನವನ್ನಿತ್ತು, ಜಾನ್ಸ್ ಹಾಪ್ಕಿನ್ಸ್ ಮೊದಲಾದ ವಿದ್ಯಾಪೀಠಗಳಲ್ಲಿ ಆರೋಗ್ಯಶಾಸ್ತ್ರವನ್ನು ಕಲಿಸಿತು. ಹಿಂದಿನ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಗೂ ಈ ಪ್ರತಿಷ್ಠಾನದ ನೆರವು ದೊರೆಯಿತು. ಅದರ ಸಹಕಾರದಿಂದ ಮಂಡ್ಯ, ಹಿರಿಯೂರು ಮೊದಲಾದೆಡೆಗಳಲ್ಲಿ ಮಲೇರಿಯದ ಪರಿಶೋಧನೆ ನಡೆಯಿತು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಕಲಿತವನು ಸ್ವದೇಶಕ್ಕೆ ಹಿಂದಿರುಗಿ ಆರೋಗ್ಯದ ಕೆಲಸದಲ್ಲಿಯೇ ನಿಲ್ಲಬೇಕೆಂಬುದು ಆ ವೇತನದ ಉದ್ದೇಶವಾಗಿದ್ದಿತು. ಹಣವು ಒಬ್ಬನ ಕೈಗೆ ಬಂದರೂ ಫಲವು ಊರಿಗೆ ಸಲ್ಲಬೇಕೆಂಬುದೇ ಅದರ ಮರ್ಮ.

ಈ ಫಲದ ಅಗತ್ಯವು ಚಿತ್ರದುರ್ಗದ ಸೀಮೆಗೆ ಇಂದಿಗೂ ಉಂಟು. ಮಳೆ ಕಡಮೆ, ಬಾವಿಗಳು ಆಳವಾಗುತ್ತಿರುವುವು, ಜಿಲ್ಲೆಯ ಹಲವು ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿರುವುದು. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಹಲ್ಲು ಬೆಳೆಯುವ ವಯಸ್ಸಿನ ಮಕ್ಕಳು ಇದಕ್ಕೂ ಮೀರಿದ ನೀರನ್ನು ಕುಡಿದರೆ ಹಲ್ಲಿನಲ್ಲಿ ಕಂದು ಕಲೆಗಳು ಮೂಡುವುವು. ಬಹುಕಾಲ ಕುಡಿದವರ ಮೂಳೆ ಕೀಲುಗಳಿಗೂ ಕೇಡು ತಪ್ಪದು. ಈ ನೀರನ್ನೇ ಕುಡಿದು ಬೆಳೆದ ಹುಡುಗಿಯೇ ಇದನ್ನು ಶಾಸ್ತ್ರರೀತ್ಯಾ ಪರೀಕ್ಷಿಸಿ ಲೋಕದ ಮುಂದಿಡುವುದು ಎಷ್ಟು ಯೋಗ್ಯವಾದ ಕೆಲಸವೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಆದುದರಿಂದ ಗೃಹಸ್ಥರು ಮೊದಲು ತಿಳಿಯಬೇಕಾದುದೇನೆಂದರೆ, “ಸಹಾಯಧನ”ವೆಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಹಣವಿರುವುದು.

ಮೊದಲನೆಯದು ದಾನರೂಪದ ವೇತನ. ೧೯೫೯ರಲ್ಲಿ ಗೊತ್ತಾದ ಕಾಮನ್‌ವೆಲ್ತ್ ವಿದ್ಯಾರ್ಥಿವೇತನವು ಈ ಬಗೆಯದು. ಶುಲ್ಕ, ಜೀವನವೆಚ್ಚ, ವಿಮಾನ ಪ್ರಯಾಣ ಎಲ್ಲವೂ ಅದರಲ್ಲಿ ಅಡಕವಾಗಿರುವುವು. ಪರಿಶಿಷ್ಟ ಜಾತಿ, ಅಲೆಮಾರಿ ಪಂಗಡ, ಭೂಹೀನ ಕೂಲಿಕಾರ, ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವುಂಟು. ಇದು ೧೯೫೦ರ ದಶಕದಿಂದ ನಡೆದುಬಂದಿದ್ದರೂ, ಅರ್ಹರಾದ ಎಷ್ಟೋ ಮನೆಗಳಿಗೆ ಇದರ ಹೆಸರು ಸಹ ತಿಳಿಯದು.

ಎರಡನೆಯದು ಸಾಲರೂಪದ ವೇತನ. ಜಮ್‌ಷೇಟ್‌ಜಿ ತಾತಾ ಅವರು ೧೮೯೨ರಲ್ಲಿ ಸ್ಥಾಪಿಸಿದ ನಿಧಿಯು ಇದಕ್ಕೆ ಹಿರಿಯ ಉದಾಹರಣೆ. ಮೊಟ್ಟಮೊದಲು ಅದರ ನೆರವನ್ನು ಪಡೆದವರಲ್ಲಿ ಫ್ರೇನಿ ಕಾಮಾ, ಕೃಷ್ಣಾಬಾಯಿ ಕೇಳವ್ಕರ್ ಎಂಬ ಇಬ್ಬರು ಮಹಿಳಾ ವೈದ್ಯರಿದ್ದರೆಂಬುದನ್ನು ಹೆಣ್ಣುಮಕ್ಕಳನ್ನು ದೂರ ಕಳುಹಿಸಲು ಹಿಂಜರಿಯುವವರು ನೆನೆಯಬಹುದು. ಆದರೆ ಸಾಲವು ಸಾಲವೇ. ಹಿಂದಿರುಗಿಸುವ ಕಾಲವನ್ನೂ ಜಾಮೀನನ್ನೂ ವಿಚಾರಿಸದೆ ರುಜು ಮಾಡಲಾಗದು.

ಮೂರನೆಯದೇ ನಮ್ಮ ತಾಳ್ಯದ ಮಿತ್ರರನ್ನು ನೋಯಿಸಿದ ಪ್ರವಾಸದ ಸಹಾಯ. ಸಮ್ಮೇಳನದಲ್ಲಿ ಪ್ರಬಂಧವನ್ನು ಮಂಡಿಸುವವರಿಗೆ ಇದು ದೊರೆಯುವುದು. ಅನೇಕ ವೇಳೆ ಅತ್ಯಂತ ಹತ್ತಿರದ ಮಾರ್ಗದ ಸಾಧಾರಣ ದರ್ಜೆಯ ವಿಮಾನ ದರವನ್ನು ಮಾತ್ರ ಕೊಡುವರು; ಹಲವು ಸಂಸ್ಥೆಗಳು ಅದನ್ನೂ ಹಿಂದಿರುಗಿದ ಮೇಲೆಯೇ ಕೊಡುವುವು. ಟಿಕೆಟ್ಟಿನ ರಸೀತಿ, ವಿಮಾನವನ್ನೇರುವಾಗ ಕೊಡುವ ಚೀಟಿ, ಪ್ರಬಂಧವನ್ನು ಮಂಡಿಸಿದ ಪ್ರಮಾಣಪತ್ರ ಇವುಗಳಲ್ಲಿ ಒಂದು ಕಳೆದುಹೋದರೂ ಹಣಕ್ಕೆ ತೊಡಕಾಗಬಹುದು.

ಹೀಗಿರುವಲ್ಲಿ ಮಾಡತಕ್ಕದ್ದೇನು? ಅರ್ಜಿಯ ದಿನವೇ ನಾಲ್ಕು ಪ್ರಶ್ನೆಗಳನ್ನು ಕೇಳಿರಿ: ಈ ಹಣ ದಾನವೋ ಸಾಲವೋ? ಮುಂಗಡವಾಗಿ ಬರುವುದೋ, ಆಮೇಲೆಯೋ? ಯಾವ ಯಾವ ಖರ್ಚು ಇದರಲ್ಲಿ ಸೇರಿಲ್ಲ? ಯಾವ ಕಾಗದಗಳನ್ನು ಒಪ್ಪಿಸಬೇಕು? ಮುಂಗಡ ದೊರೆಯದಿದ್ದರೆ, ನಿಮ್ಮ ಸಂಸ್ಥೆಯೇ ಟಿಕೆಟ್ಟು ಕೊಳ್ಳಬಹುದೇ ಎಂದು ವಿನಯದಿಂದ ಬರೆದು ಕೇಳಿರಿ. ಕೇಳಿದವರಿಗೆಲ್ಲ ಸಿಕ್ಕೀತೆಂದು ನಾವು ಹೇಳಲಾರೆವು. ಆದರೆ ಕೇಳುವುದು ಬೇಡುವುದಲ್ಲ. ಪಾಸ್‌ಪೋರ್ಟನ್ನು ಮಾತ್ರ ಯಾವ ಪತ್ರಕ್ಕೂ ಕಾಯದೆ ಮೊದಲೇ ಮಾಡಿಸಿಡತಕ್ಕದ್ದು.

ಕಾಲೇಜುಗಳ ಮುಖ್ಯಸ್ಥರಲ್ಲಿಯೂ ಊರಿನ ಸಹಕಾರ ಸಂಘಗಳಲ್ಲಿಯೂ ನಮ್ಮದೊಂದು ಅರಿಕೆ. ಪ್ರವಾಸದ ಸಹಾಯವು ಮಂಜೂರಾದ ವಿದ್ಯಾರ್ಥಿಗೆ ನಾಲ್ಕಾರು ತಿಂಗಳ ಮಟ್ಟಿಗೆ ಕೈಗಡವಾಗಿ ಕೊಡಲು ಚಿಕ್ಕ ನಿಧಿಯೊಂದನ್ನು ಕೂಡಿಡಬಾರದೇ? ಹೋದ ಹಣವು ಹಿಂದಿರುಗಿ ಬಂದು ಮತ್ತೊಬ್ಬರಿಗೆ ಒದಗುವುದು. ಕೊಡುವವರು ಇದ್ದಾರೆ, ಪಡೆಯುವ ಯೋಗ್ಯತೆಯೂ ಇದೆ. ನಡುವೆ ಬಿದ್ದಿರುವುದು ಕೆಲವು ತಿಂಗಳ ಅಂತರ ಮಾತ್ರ.

ಹುಡುಗಿಯು ಮುಂದಿನ ವರ್ಷಕ್ಕೆ ಪ್ರಬಂಧವನ್ನು ತಿದ್ದುತ್ತಿರುವಳಂತೆ. ಈ ಸಲ ಪತ್ರದ ಎರಡನೆಯ ಪುಟವನ್ನು ಮೊದಲು ಓದುವೆವೆಂದು ತಂದೆ ಹೇಳಿಹೋದರು.